ನಾಲ್ಕು ಮಡಿಕೆಯ ಪತ್ರ

ಅವರ ಸ್ಕೂಟರ್ ಬೂದು ಬಣ್ಣದ್ದು ಎಂದು ನನ್ನ ನೆನಪು. ತಂಗಿ ನೀಲಿ ಅನ್ನುತ್ತಾಳೆ. ಅಮ್ಮನ ಪ್ರಕಾರ ಅವರಿಗೆ ಸ್ಕೂಟರೇ ಇರಲಿಲ್ಲ, ಯಾವಾಗಲೂ ಯಾರದೋ ಗಾಡಿಯ ಹಿಂದೆ ಕೂತು ಬರುತ್ತಿದ್ದರು. ಮೂವರೂ ಅವರನ್ನು ಹತ್ತಾರು ವರ್ಷ ಎದುರು ಮನೆಯಲ್ಲಿ ನೋಡಿದವರೇ. ಹಾಗಾಗಿ ಮುಂದೆ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು, ಕೆಲವನ್ನು ನಾನೇ ಗೊತ್ತಿಲ್ಲದೆ ಚಂದ ಮಾಡಿರಬಹುದು. ಡೈರಿ ಬರೆಯುವ ಅಭ್ಯಾಸವಿದ್ದೂ ಅದರಿಂದ ಹೆಚ್ಚು ಉಪಯೋಗವಾಗಿಲ್ಲ. ಅವರ ಜೊತೆ ನಾವು ಸಾಹೇಬರ ಮನೆಗೆ ಹೋದ ದಿನ, ಅಂದರೆ ಈ ಬರಹದ ಬಹುಮುಖ್ಯ ದಿನ, ನಾನು ಬರೆದುಕೊಂಡಿರುವುದು ಇಷ್ಟೇ: "ಬಿಸಿಲು. ಕಾಫಿಗೆ ಸಕ್ಕರೆ ಜಾಸ್ತಿ."

ಹೋದ ತಿಂಗಳು ಅವರು ತೀರಿಕೊಂಡರು. ಮೈಸೂರಿನ ಕುವೆಂಪುನಗರದ ನಮ್ಮ ರಸ್ತೆಯಲ್ಲಿ ಅವರ ನಿಜವಾದ ಹೆಸರು ಗೊತ್ತಿದ್ದವನು ಅಂಚೆಯವನೊಬ್ಬನೇ ಇರಬೇಕು. ಉಳಿದವರಿಗೆಲ್ಲ ಅವರು ಪ್ಯಾಡ್ ಅಂಕಲ್. ನಮ್ಮ ಭಾಗದ ರಾಜಕಾರಣಿಯೊಬ್ಬರಿಗೆ ಬಹಳ ವರ್ಷ ಆಪ್ತ ಸಹಾಯಕರಾಗಿದ್ದವರು. ಆ ರಾಜಕಾರಣಿ ಶಾಸಕರಾಗಿ, ಸ್ವಲ್ಪ ದಿನ ಮಂತ್ರಿಯಾಗಿ, ಆಮೇಲೆ ಸೋತು, ಮತ್ತೆ ಗೆದ್ದು, ಒಟ್ಟಿನಲ್ಲಿ ಯಾವ ಸ್ಥಿತಿಯಲ್ಲಿದ್ದರೂ ಎಲ್ಲರಿಗೂ 'ಸಾಹೇಬರು'. ಸಾಹೇಬರ ಲೆಟರ್‌ಹೆಡ್ಡಿನ ಪ್ಯಾಡು ಮಾತ್ರ ಸದಾ ನಮ್ಮ ಎದುರು ಮನೆಯ ವರಾಂಡದಲ್ಲಿ, ಅಂಕಲ್ಲಿನ ತೊಡೆಯ ಮೇಲೆ.

ಬೆಳಿಗ್ಗೆ ಆರೂವರೆಗೆಲ್ಲ ಅಲ್ಲಿ ಜನ ಸೇರುತ್ತಿದ್ದರು. ವರ್ಗಾವಣೆ ಬೇಕಾದ ಮೇಷ್ಟ್ರು, ಹಾಸ್ಟೆಲ್ ಸೀಟು ಬೇಕಾದ ಹುಡುಗಿಯ ಚಿಕ್ಕಪ್ಪ, ಆಸ್ಪತ್ರೆಯಲ್ಲಿ ಹಾಸಿಗೆ ಬೇಕಾದವರು. ಯಾರೇ ಮಾತು ಶುರು ಮಾಡಿದರೂ ಅಂಕಲ್ ಮೊದಲು ಕನ್ನಡಕ ತೆಗೆದು ಜೇಬಿಗಿಡುತ್ತಿದ್ದರು.

"ಕನ್ನಡಕ ತೆಗೆದ್ರೆ ಮುಖ ಕಾಣ್ಸಲ್ಲ ಕಣಮ್ಮ, ಮಾತು ಚೆನ್ನಾಗಿ ಕೇಳ್ಸುತ್ತೆ. ಮುಖ ನೋಡ್ಬುಟ್ರೆ ಎಲ್ರೂ ಪಾಪ ಅನ್ಸ್ತಾರೆ" ಎಂದು ಒಮ್ಮೆ ನನಗೆ ಹೇಳಿದ್ದರು.

ನಾನು ಆಗ ಮಾನಸಗಂಗೋತ್ರಿಯಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದೆ. ಆಫೀಸುಗಳಲ್ಲಿ ಕೈಬರಹ ಓದುವವರು ಇಲ್ಲವಾದರು ಎಂದು ಅಂಕಲ್ ನನ್ನ ಲ್ಯಾಪ್‌ಟಾಪನ್ನು ಹುಡುಕಿಕೊಂಡು ಬಂದರು. ಹೀಗೆ ಒಂದೆರಡು ವರ್ಷ ಅವರು ಹೇಳಿದ್ದನ್ನು ನಾನು ಟೈಪ್ ಮಾಡಿಕೊಟ್ಟೆ. ಎಲ್ಲ ಪತ್ರಗಳೂ ಒಂದೇ ಸಾಲಿನಿಂದ ಶುರುವಾಗುತ್ತಿದ್ದವು: 'ಈ ಪತ್ರ ತರುತ್ತಿರುವವರು ನನಗೆ ಬಹುಕಾಲದಿಂದ ಪರಿಚಿತರು.'

"ಅಂಕಲ್, ಇವರು ಇವತ್ತೇ ಅಲ್ವಾ ಮೊದಲ್ನೇ ಸಲ ಬಂದಿದ್ದು?" ಎಂದೆ ಒಂದು ದಿನ.

"ಏಳು ಗಂಟೆಗೆ ಬಂದ್ರು. ಈಗ ಒಂಬತ್ತೂಕಾಲು. ಬಹುಕಾಲ ಆಗ್ಲಿಲ್ವಾ?"

ಅವರ ಗುಟ್ಟು ನನಗೆ ಗೊತ್ತಾದದ್ದು ಪತ್ರ ಮಡಿಸುವುದನ್ನು ನೋಡಿ. ಕೆಲವನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿ ಉದ್ದ ಲಕೋಟೆಗೆ ಹಾಕುತ್ತಿದ್ದರು. ಕೆಲವನ್ನು ಅರ್ಧಕ್ಕೆ ಮಡಿಸಿ, ಮತ್ತೆ ಅರ್ಧಕ್ಕೆ ಮಡಿಸಿ, ಅಂಗೈಯಗಲ ಮಾಡಿ ಚೌಕ ಲಕೋಟೆಗೆ ಹಾಕುತ್ತಿದ್ದರು. ಮೂರು ಮಡಿಕೆಯದು ಆಫೀಸಿಗೆ ಹೋಗುತ್ತಿತ್ತು, ಅದರ ಹಿಂದೆ ಅವರ ಫೋನೂ ಹೋಗುತ್ತಿತ್ತು. ನಾಲ್ಕು ಮಡಿಕೆಯದು "ನಾನೇ ಖುದ್ದು ತಲುಪಿಸ್ತೀನಿ" ಎಂಬ ಮಾತಿನೊಡನೆ ಒಳಗಿನ ಕೋಣೆಯ ಒಂದು ಕಂದು ಫೈಲಿಗೆ ಹೋಗಿ ಅಲ್ಲೇ ಉಳಿಯುತ್ತಿತ್ತು. ಜೊತೆಯವನನ್ನು ದೂರದೂರಿಗೆ ಎತ್ತಿಹಾಕಿಸಿ ಎಂದವರದು, ಇನ್ನೊಬ್ಬರ ಸೀಟು ತಪ್ಪಿಸಲು ಬಂದವರದು, ಬೇಡದ್ದನ್ನು ಬೇಡಿದವರದು.

"ಆಗಲ್ಲ ಅಂತ ನೇರವಾಗಿ ಹೇಳ್ಬಾರ್ದಾ?" ಎಂದೆ.

"ಆಗಲ್ಲ ಅಂದ್ರೆ ಇನ್ನೊಬ್ಬರ ಹತ್ರ ಹೋಗ್ತಾರೆ. ಆಯ್ತು ಅಂದ್ರೆ ಮನೆಗೆ ಹೋಗ್ತಾರೆ. ಅರ್ಧ ಕೆಲಸ ತಾನಾಗೇ ಆಗೋಗುತ್ತೆ. ಇನ್ನರ್ಧ ಆಗ್ಲೇಬಾರ್ದು."

ನಾನು ನಕ್ಕೆ. ಆಮೇಲೆ, ಓದಿದವರ ಚಟ, ಕೇಳಿಯೇಬಿಟ್ಟೆ: ಯಾವುದು ಆಗಬಾರದು ಎಂದು ತೀರ್ಮಾನಿಸಲು ನೀವು ಯಾರು? ಅವರು ಒಬ್ಬ ನರ್ಸಿನ ಪತ್ರವನ್ನು ತಾನು ತಪ್ಪಾಗಿ ಮಡಿಸಿದ್ದೆನೆಂದೂ, ಅವಳ ತಾಯಿಯ ಕಾಯಿಲೆ ನಿಜವಾಗಿತ್ತೆಂದೂ ಹೇಳಿದರು. "ಅವತ್ತು ಕನ್ನಡಕ ತೆಗೀಬಾರ್ದಿತ್ತು" ಎಂದರು. ಇದನ್ನು ಅವರು ಅದೇ ದಿನ ಹೇಳಿದರೋ ಬೇರೆ ದಿನವೋ ಖಾತ್ರಿಯಿಲ್ಲ. ಹೇಳಿದ್ದಂತೂ ಹೌದು.

ಈಗ ನನ್ನ ತಂಗಿಯ ವಿಷಯ. ಅವಳು ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿದವಳು, ಡಿಗ್ರಿ ಮುಗಿಯುವ ಹೊತ್ತಿಗೆ ಸೇನೆಯಲ್ಲಿ ಆಫೀಸರ್ ಆಗುತ್ತೇನೆಂದು ಕೂತಳು. ಅದಕ್ಕೆ ಆಯ್ಕೆ ಮಂಡಳಿಯ ಮುಂದೆ ಐದು ದಿನ ಪರೀಕ್ಷೆ. ಮಾತು, ಬರಹ, ಓಟ, ಗುಂಪಿನಲ್ಲಿ ಮಾಡುವ ಕಸರತ್ತು, ಸಂದರ್ಶನ. ಅವಳಿಗೆ ಕರೆ ಬಂತು. ಅಪ್ಪನಿಗೆ ಸಂತೋಷವಾಯಿತು, ಮರುಕ್ಷಣವೇ ಕಳವಳವೂ ಶುರುವಾಯಿತು.

ಅಪ್ಪನಿಗೆ ಮಂಡಿ ಮೊಹಲ್ಲಾದಲ್ಲಿ ಹಗ್ಗ, ಹುರಿ, ಗೋಣಿಚೀಲಗಳ ಸಗಟು ಅಂಗಡಿ. ಅಲ್ಲಿ ಎಲ್ಲವೂ ಗುರುತಿನ ಮೇಲೆ ನಡೆಯುವುದು.

"ಗುರುತಿಲ್ದೆ ಮಂಡಿಲಿ ಒಂದು ಉಂಡೆ ಹುರಿನೂ ಕೈಗೆ ಕೊಡಲ್ಲ. ಗುರುತಿಲ್ದೆ ಗಡಿ ಕಾಯೋಕೆ ಕೊಟ್ಬುಡ್ತಾರಾ? ಸಾಹೇಬರ ಹತ್ರ ಒಂದು ಮಾತು ಹೇಳಿಸ್ಲೇಬೇಕು" ಎಂದರು ಅಪ್ಪ.

"ಅಪ್ಪಾ, ಅಲ್ಲಿ ಶಿಫಾರಸು ನಡಿಯಲ್ಲ. ಹೇಳ್ಸಿದ್ರೆ ಹೆಸರೇ ಹೊಡೆದಾಕ್ತೀವಿ ಅಂತ ಜಾಹೀರಾತಲ್ಲೇ ಹಾಕಿದಾರೆ" ಎಂದಳು ತಂಗಿ.

"ಹಾಕ್ಲೇಬೇಕು ಕಣಮ್ಮ, ಅದು ಅವರ ಡ್ಯೂಟಿ. ಗೋಡೆ ಮೇಲೆ 'ಇಲ್ಲಿ ಉಗುಳಬೇಡಿ' ಅಂತ ಹಾಕಿರಲ್ವಾ?"

ಅವಳು ಒಪ್ಪಲಿಲ್ಲ. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಪ್ಯಾಡ್ ಅಂಕಲ್ ತಾವೇ ರಸ್ತೆ ದಾಟಿ ಬಂದು, "ಬನ್ನಿ ಯಜಮಾನ್ರೇ, ಹೋಗ್ಬರೋಣ. ನೀನೂ ಬಾ ಮೇಜರ್, ಸಾಹೇಬ್ರ ಮನೆ ಕಾಫಿ ಕುಡಿದ್ರೆ ಆರ್ಮಿ ಕಮಿಷನ್ ಏನೂ ತಪ್ಪೋಗಲ್ಲ" ಎಂದು ಎಬ್ಬಿಸಿಕೊಂಡು ಹೊರಟರು. ಪತ್ರ ಟೈಪ್ ಮಾಡಲು ನಾನೂ ಹೋದೆ.

ಸಾಹೇಬರ ಮನೆಯ ಮುಂಭಾಗದಲ್ಲಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು. ಒಂದೊಂದು ಅಹವಾಲು ಮುಗಿದಂತೆ ಎಲ್ಲರೂ ಒಂದೊಂದು ಕುರ್ಚಿ ಮುಂದಕ್ಕೆ ಜರುಗಬೇಕು. ಒಂದು ಗಂಟೆ ಹೀಗೆ ಜರುಗಿ ಜರುಗಿ ಸಾಹೇಬರ ಎದುರಿಗೆ ಬಂದೆವು. ಅಂಕಲ್ ವಿಷಯ ಹೇಳಿದರು. ಸಾಹೇಬರು ಗಲ್ಲ ಕೆರೆದುಕೊಂಡರು.

"ಅದು ಸೆಂಟ್ರಲ್ ಅಲ್ವೇನ್ರಿ?"

"ಹೌದು ಸಾರ್. ತೀರಾ ಸೆಂಟ್ರಲ್ಲು."

"ಬರೀರಿ, ಬರೀರಿ. ದೇಶಸೇವೆ. ನಮ್ ಮೈಸೂರು ಹುಡುಗಿ."

ಅಷ್ಟಕ್ಕೇ ಮುಗಿಯಬೇಕಿತ್ತು. ಅಪ್ಪ ಎದ್ದು ನಿಂತು ಕೈ ಜೋಡಿಸಿದರು. "ಸಾರ್, ಇನ್ನೊಂದೇ ಒಂದು. ಹೆಣ್ಮಗು. ಪೋಸ್ಟಿಂಗು ಮೈಸೂರಲ್ಲೇ ಆಗೋ ಹಂಗೆ ನೋಡ್ಬೇಕು. ತೀರಾ ಆಗ್ಲಿಲ್ಲ ಅಂದ್ರೆ ಮಂಡ್ಯ."

ತಂಗಿ ಶಾಮಿಯಾನದ ತೂತುಗಳನ್ನು ಎಣಿಸತೊಡಗಿದಳು. ಸಾಹೇಬರು ಗಂಭೀರವಾಗಿ ತಲೆಯಾಡಿಸಿ, "ಅದನ್ನೂ ಸೇರಿಸ್ರಿ" ಎಂದರು.

ಸೇರಿಸಿದೆವು. ಪತ್ರವನ್ನು ನಾನೇ ಟೈಪ್ ಮಾಡಿದ್ದರಿಂದ ಇದು ಮಾತ್ರ ಅಕ್ಷರಶಃ ನೆನಪಿದೆ: 'ಸದರಿಯವರನ್ನು ಮೈಸೂರು ನಗರದಲ್ಲಿ, ತಪ್ಪಿದಲ್ಲಿ ಮಂಡ್ಯ ಜಿಲ್ಲೆಯಲ್ಲಿ ನಿಯುಕ್ತಿಗೊಳಿಸಬೇಕಾಗಿ ಕೋರಿಕೆ.' ಸಾಹೇಬರು ಸಹಿ ಹಾಕಿದರು. ಅಂಕಲ್ ಪತ್ರವನ್ನು ಅಪ್ಪನ ಎದುರಿಗೇ ಅರ್ಧಕ್ಕೆ ಮಡಿಸಿದರು. ಮತ್ತೆ ಅರ್ಧಕ್ಕೆ ಮಡಿಸಿದರು. ಚೌಕ ಲಕೋಟೆ. "ನಾನೇ ಖುದ್ದು ತಲುಪಿಸ್ತೀನಿ ಯಜಮಾನ್ರೇ."

ಅಪ್ಪನ ಮುಖ ಅರಳಿತು. ನನಗೆ ಮಾತ್ರ ಗೊತ್ತಿತ್ತು, ಆ ಪತ್ರ ಎಲ್ಲಿಗೂ ಹೋಗುವುದಿಲ್ಲ ಎಂದು. ಯಾರಿಗೂ ಹೇಳಲಿಲ್ಲ. ಒಳ್ಳೆಯದಕ್ಕೆಂದು ಸುಮ್ಮನಿದ್ದೆನೋ, ಗುಟ್ಟು ಗೊತ್ತಿರುವ ಸುಖಕ್ಕೆ ಸುಮ್ಮನಿದ್ದೆನೋ, ಈಗ ಕೇಳಿಕೊಂಡರೆ ಎರಡನೆಯದೇ ಹೆಚ್ಚು ನಿಜವೆನಿಸುತ್ತದೆ.

ಮರುದಿನ ಅಂಕಲ್ ಮತ್ತೆ ಬಂದರು. "ಪತ್ರದ ಕೆಲಸ ನನಗೆ ಬುಡಿ. ಆದ್ರೆ ಅಲ್ಲಿ ಹಗ್ಗ, ಮರದ ಹಲಗೆ ಕೊಟ್ಟು ಹಳ್ಳ ದಾಟಿ ಅಂತಾರಂತೆ. ಹುಡುಗಿಗೆ ಹಗ್ಗದ ಕೆಲಸ ಬರುತ್ತಾ?" ಎಂದು ಅಪ್ಪನನ್ನು ಕೇಳಿದರು.

ಹಗ್ಗದ ವ್ಯಾಪಾರಿಯನ್ನು ಹೀಗೆ ಕೇಳಬಹುದೇ? ಸಂಜೆಯೇ ಅಂಗಡಿಯಿಂದ ಒಂದು ಸುರುಳಿ ದಪ್ಪ ಹಗ್ಗ ಬಂತು. ಹಿತ್ತಲ ಮಾವಿನ ಕೊಂಬೆಗೆ ಅದನ್ನು ಕಟ್ಟಿದ್ದಾಯಿತು. ಲಾರಿಗೆ ಮೂಟೆ ಬಿಗಿಯುವ ಗಂಟು, ಎಳೆದಷ್ಟೂ ಬಿಗಿಯುವ ಗಂಟು, ಒಂದೇ ಏಟಿಗೆ ಬಿಚ್ಚಿಕೊಳ್ಳುವ ಗಂಟು, ಮೂವತ್ತು ವರ್ಷ ಕೈಯಲ್ಲಿದ್ದದ್ದನ್ನೆಲ್ಲ ಅಪ್ಪ ಅವಳಿಗೆ ಕಲಿಸಿದರು. "ಕಣ್ ಮುಚ್ಕೊಂಡು ಹಾಕು. ಮಳೇಲಿ ಲಾರಿ ಕಾಯಲ್ಲ" ಎಂದು ಗದರುತ್ತಿದ್ದರು. ಬೆಳಗಿನ ಹೊತ್ತು ಅವಳು ಚಾಮುಂಡಿ ಬೆಟ್ಟದ ಮೆಟ್ಟಿಲು ಓಡಿ ಹತ್ತುತ್ತಿದ್ದಳು. ಒಂದು ದಿನ ಅಂಕಲ್ಲೂ ಜೊತೆಗೆ ಹೊರಟರು, ಬಸ್ಸಿನಲ್ಲಿ. ಮೇಲೆ ಅವಳಿಗಿಂತ ಮುಂಚೆ ತಲುಪಿ, ಕಡಲೆಪುರಿ ತಿನ್ನುತ್ತ, "ಲೇಟು ಮೇಜರ್" ಎಂದರಂತೆ.

ಮೊದಲ ಸಲ ಅವಳು ಆಯ್ಕೆಯಾಗಲಿಲ್ಲ. ಐದು ದಿನವೂ ಉಳಿದುಕೊಂಡು ಕೊನೆಗೆ ಹೆಸರಿಲ್ಲದೆ ವಾಪಸು ಬಂದಳು. ಅಪ್ಪ ಹೇಳಿದರು: "ಪತ್ರ ಸಾಲ್ದು. ಇನ್ನೂ ಗಟ್ಟಿಯಾಗಿ ಬರಿಸ್ಬೇಕಿತ್ತು." ಎರಡನೆಯ ಪತ್ರ ಬಂತು. 'ಬಹುಕಾಲದಿಂದ ಪರಿಚಿತರು' ಹೋಗಿ 'ಬಾಲ್ಯದಿಂದಲೂ ಬಲ್ಲೆನು' ಆಯಿತು. ಮಂಡ್ಯ ಹಾಗೇ ಇತ್ತು. ಅದನ್ನೂ ಅಂಕಲ್ ನಾಲ್ಕಾಗಿ ಮಡಿಸಿದರು.

ಈ ಸಲ ನಾನು ಅವರ ವರಾಂಡಕ್ಕೆ ಹೋಗಿ ಕೇಳಿದೆ. "ಅಂಕಲ್, ಎರಡನ್ನೂ ನಾಲ್ಕು ಮಾಡಿದ್ರಿ."

"ನೋಡ್ತಿದ್ಯಾ ನೀನು! ಕಳಿಸ್ಬೇಕಿತ್ತಾ?"

"ಬೇಡ. ಆದ್ರೆ ಅಪ್ಪ ಪಾಪ ನಂಬ್ಕೊಂಡಿದಾರೆ."

ಅವರು ಕನ್ನಡಕ ತೆಗೆಯಲಿಲ್ಲ. ನನ್ನ ಮುಖ ನೋಡಿಕೊಂಡೇ ಹೇಳಿದರು: "ಆ ಪತ್ರ ಅಲ್ಲಿ ತಲುಪಿದ್ರೆ ಹುಡುಗಿ ಕಥೆ ಮುಗೀತು. ನಾನು ಬರೆಯಲ್ಲ ಅಂದಿದ್ರೆ ನಿಮ್ಮಪ್ಪ ಇನ್ಯಾರ ಹತ್ರನಾದ್ರೂ ಬರೆಸ್ತಿದ್ರು, ಅವ್ನು ನಿಜ್ವಾಗ್ಲೂ ಕಳಿಸ್ಬುಡ್ತಿದ್ದ. ಮಗಳಿಗೆ ಏನೂ ಮಾಡ್ದೆ ಕೂತ್ಕೊಳ್ಳೋಕೆ ಆಗುತ್ತೇನಮ್ಮ ಅಪ್ಪಂದಿರಿಗೆ?"

ಎರಡನೆಯ ಸಲ ಅವಳು ಗೆದ್ದಳು. ಗುಂಪಿನ ಕಸರತ್ತಿನಲ್ಲಿ ಎಂಟು ಜನ ಸೇರಿ ಹಲಗೆಯನ್ನು ಕಂಬಕ್ಕೆ ಕಟ್ಟಲಾಗದೆ ಒದ್ದಾಡುತ್ತಿದ್ದಾಗ ಇವಳು ಲಾರಿ ಗಂಟು ಹಾಕಿದಳಂತೆ. ಸಂದರ್ಶನದಲ್ಲಿ ತಂದೆ ಏನು ಮಾಡುತ್ತಾರೆ ಎಂದು ಕೇಳಿದ್ದಕ್ಕೆ ಹಗ್ಗದ ಬಗ್ಗೆ ಹತ್ತು ನಿಮಿಷ ಮಾತಾಡಿದಳಂತೆ. ವೈದ್ಯಕೀಯ ಪರೀಕ್ಷೆಯೂ ಮುಗಿದು ಅಕಾಡೆಮಿ ಸೇರಲು ಪತ್ರ ಬಂತು.

ಅಪ್ಪ ಮೈಸೂರು ಪೇಟ, ಹಾರ, ಎರಡು ಕೆಜಿ ಮೈಸೂರು ಪಾಕು ತೆಗೆದುಕೊಂಡು ಸಾಹೇಬರ ಮನೆಗೆ ನಮ್ಮನ್ನೆಲ್ಲ ಹೊರಡಿಸಿದರು. ಸಾಹೇಬರು ಪೇಟ ಹಾಕಿಸಿಕೊಂಡು, ತಂಗಿಯ ತಲೆ ಸವರಿ, ಅಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು: "ಎರಡು ಸಲ ಡೆಲ್ಲಿಗೆ ಫೋನ್ ಮಾಡ್ದೆ ನಾನೇ. ಆಗ್ಲೇಬೇಕು ಅಂದೆ. ಆಯ್ತು."

ಎಲ್ಲರೂ ಚಪ್ಪಾಳೆ ತಟ್ಟಿದರು. ಅಂಕಲ್ ಪಕ್ಕದಲ್ಲೇ, ಕನ್ನಡಕ ಕೈಯಲ್ಲಿ ಹಿಡಿದು, ಕಂಬದಂತೆ ನಿಂತಿದ್ದರು. ತಂಗಿಯ ಮುಖ ಕಪ್ಪಿಟ್ಟಿತು. ಮನೆಗೆ ಬಂದು ಅಕಾಡೆಮಿಯ ಪತ್ರವನ್ನು ಟಿ.ವಿ. ಪಕ್ಕದಲ್ಲಿಟ್ಟು ಹೇಳಿದಳು: "ನಾನು ಸೇರಲ್ಲ."

"ಏನೇ ಹಂಗಂದ್ರೆ?" ಎಂದರು ಅಮ್ಮ.

"ಫೋನಲ್ಲಿ ಸಿಕ್ಕಿದ ಸ್ಟಾರು ನಂಗೆ ಬೇಡ. ನಾಳೆ ನನ್ನ ಕೈಕೆಳಗೆ ಮೂವತ್ತು ಜನ ಇರ್ತಾರೆ. ಅವರ ಮುಂದೆ ಏನಂತ ನಿಲ್ಲಲಿ?"

ಅಪ್ಪನಿಗೆ ಅರ್ಥವೇ ಆಗಲಿಲ್ಲ. "ಸಿಕ್ತಲ್ಲ ಮಗಳೇ, ಹೆಂಗಾದ್ರೇನು?" ಎಂದರು. ಅದು ಅವಳನ್ನು ಇನ್ನಷ್ಟು ಕೆರಳಿಸಿತು. ಮೂರು ದಿನ ಮನೆಯಲ್ಲಿ ಯಾರೂ ಯಾರೊಡನೆಯೂ ನೆಟ್ಟಗೆ ಮಾತಾಡಲಿಲ್ಲ. ಹಾಜರಾಗುವೆನೆಂದು ತಿಳಿಸಲು ಒಂದು ವಾರ ಉಳಿದಿತ್ತು. ಮಾವಿನ ಕೊಂಬೆಯ ಹಗ್ಗವನ್ನು ಅವಳು ಬಿಚ್ಚಿ ಸುತ್ತಿಟ್ಟಳು. ಅದನ್ನು ನೋಡಿದ ಮೇಲೆ ನಾನು ಅವಳ ಕೈ ಹಿಡಿದು ಎದುರು ಮನೆಗೆ ಎಳೆದುಕೊಂಡು ಹೋದೆ.

"ಅಂಕಲ್, ಫೈಲ್ ತೆಗೀರಿ" ಎಂದೆ.

ಅವರು ನನ್ನನ್ನು ನೋಡಿದರು, ಅವಳನ್ನು ನೋಡಿದರು. ಒಳಗೆ ಹೋಗಿ ಕಂದು ಫೈಲು ತಂದು ಅವಳ ಮುಂದಿಟ್ಟರು. ಅದರಲ್ಲಿ ನಮ್ಮ ಎರಡು ಚೌಕ ಲಕೋಟೆ. ಅಂಟು ಹಚ್ಚಿದ್ದು ಹಚ್ಚಿದ ಹಾಗೇ ಇತ್ತು. ತಂಗಿ ಒಂದನ್ನು ಒಡೆದು ಓದಿದಳು.

"ಇದು ಹೋಗ್ಲೇ ಇಲ್ವಾ?"

"ಈ ರಸ್ತೆ ದಾಟಿಲ್ಲ."

"ಮತ್ತೆ ಸಾಹೇಬ್ರು ಡೆಲ್ಲಿಗೆ ಫೋನ್ ಮಾಡಿದ್ದು?"

"ಮಾಡಿದ್ದು ನಿಜ. ಎರಡು ಸಲ. ಅವರ ಮೊಮ್ಮಗಳು ಅಲ್ಲಿರೋದು. ಹುಟ್ಟಿದ ಹಬ್ಬ ಇತ್ತು."

ಅವಳು ಮತ್ತೆ ಪತ್ರ ನೋಡಿದಳು. 'ತಪ್ಪಿದಲ್ಲಿ ಮಂಡ್ಯ ಜಿಲ್ಲೆಯಲ್ಲಿ' ಎಂಬಲ್ಲಿಗೆ ಬಂದಾಗ ನಗು ಶುರುವಾಯಿತು. ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅದರಲ್ಲಿ ಎಷ್ಟು ನಗು, ಎಷ್ಟು ಅಳು ಎಂದು ನಾನು ಆಗಲೂ ವಿಂಗಡಿಸಲಿಲ್ಲ. ಆಮೇಲೆ ಎದ್ದು ನಿಂತು ಅಂಕಲ್‌ಗೆ ಒಂದು ಸೆಲ್ಯೂಟ್ ಹೊಡೆದಳು. ಅವರು ಕನ್ನಡಕ ತೆಗೆದು ಒರೆಸಿದರು.

"ನಿಮ್ಮಪ್ಪಂಗೆ ಮಾತ್ರ ಹೇಳ್ಬೇಡಿ ಕಣ್ರಮ್ಮ. ಅವರು ಓಡಾಡಿ ಮಾಡ್ಸಿದ ಕೆಲಸ ಅದು. ಅವರದ್ದಾಗೇ ಇರ್ಲಿ."

ಹೇಳಲಿಲ್ಲ. ಬಿಚ್ಚಿದ ಪತ್ರವನ್ನು ತಂಗಿ ಕೇಳಿ ಇಸಿದುಕೊಂಡಳು. ಈಗಲೂ ಅವಳ ಟ್ರಂಕಿನಲ್ಲಿದೆ. ಎಲ್ಲಿಗೆ ವರ್ಗವಾದರೂ ಸಹೋದ್ಯೋಗಿಗಳಿಗೆ ಓದಿ ಹೇಳುತ್ತಾಳಂತೆ. ಸದ್ಯ ಅವಳಿರುವುದು ಮಂಡ್ಯದಿಂದ ಸಾಕಷ್ಟು ದೂರದ, ಹಿಮ ಬೀಳುವ ಜಾಗದಲ್ಲಿ.

ತರಬೇತಿ ಮುಗಿದ ದಿನ ಮಕ್ಕಳ ಹೆಗಲಿಗೆ ತಂದೆ ತಾಯಿಯೇ ನಕ್ಷತ್ರ ಹಾಕುವ ಪದ್ಧತಿ. ಅಪ್ಪ ಹಾಕಿದ ನಕ್ಷತ್ರ ಎರಡು ಸಲ ಜಾರಿತು. "ಗಂಟು ಹಾಕೋದಾಗಿದ್ರೆ ಸಲೀಸಾಗಿ ಹಾಕ್ಬುಡ್ತಿದ್ದೆ" ಎಂದು ಪಕ್ಕದವರಿಗೆಲ್ಲ ಕನ್ನಡದಲ್ಲೇ ಹೇಳಿಕೊಂಡರು. ಅಲ್ಲಿಂದಾಚೆ ಪ್ರತಿ ವರ್ಷ ಆ ದಿನ ಅಪ್ಪ ಒಂದು ಡಬ್ಬ ಮೈಸೂರು ಪಾಕು ತಂದು, "ಸಾಹೇಬರಿಗೆ ತಲುಪಿಸ್ಬೇಕು" ಎಂದು ನಮಗೆ ಹೇಳಿ ಎದುರು ಮನೆಗೆ ಒಯ್ಯುತ್ತಿದ್ದರು. ಸಾಹೇಬರು ರಾಜಕೀಯ ಬಿಟ್ಟು ಊರೂ ಬಿಟ್ಟ ಮೇಲೂ ಒಯ್ದರು. ನಾನೂ, ರಜೆಯಲ್ಲಿ ಬಂದಿದ್ದರೆ ತಂಗಿಯೂ, ಅಪ್ಪನ ಬೆನ್ನ ಹಿಂದೆ ಕಣ್ಣಲ್ಲೇ ನಗುತ್ತಿದ್ದೆವು.

ಅಂಕಲ್ ತೀರಿಕೊಂಡ ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದಾಗ ಆಂಟಿ, ಅಂದರೆ ಅಂಕಲ್ಲಿನ ಹೆಂಡತಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅತ್ತು ಮುಗಿಸಿದ್ದರು. ಹಳೆಯದನ್ನೆಲ್ಲ ನೆನೆದು ನಗುವ ಹಂತಕ್ಕೆ ಬಂದಿದ್ದರು.

"ನಿಮ್ಮಪ್ಪಾಜಿದು ಒಂದು ಕಥೆ ಕಣಮ್ಮ. ವರ್ಷಕ್ಕೊಂದು ಸಲ ಡಬ್ಬ ತರೋರು. ಇವ್ರಿಗೆ ಶುಗರ್ರು, ಬೇಡ ಅಂದ್ರೂ ಬುಡ್ತಿರ್ಲಿಲ್ಲ. 'ನೀವು ಒಂದು ತುಂಡು ತಿಂದ್ರೇನೇ ನಾನು ಏಳೋದು' ಅಂತ ಎದುರಿಗೆ ಕೂತು ತಿನ್ಸೇ ಹೋಗೋರು. ಮಿಕ್ಕಿದ್ದೆಲ್ಲ ನನ್ ಪಾಲು. ನೋಡು, ಹೆಂಗಾಗಿದೀನಿ!"

"ಸಾಹೇಬರಿಗೆ ಅಂತ ಕೊಡ್ತಿದ್ರಲ್ವಾ ಆಂಟಿ?"

"ಯಾವ ಸಾಹೇಬ್ರು? ಆ ಹೆಸರೇ ಎತ್ತಿದ್ದು ನಾನು ಕೇಳಿಲ್ಲ."

ಅಷ್ಟು ವರ್ಷ ಅಪ್ಪನ ಬೆನ್ನ ಹಿಂದೆ ನಕ್ಕದ್ದು ನೆನಪಾಯಿತು. ತಂಗಿಗೆ ಫೋನ್ ಮಾಡಿ ಕೇಳಿದೆ, ನೀನೇನಾದರೂ ಬಾಯಿ ಬಿಟ್ಟೆಯಾ ಎಂದು. ಇಲ್ಲ ಎಂದು ಆಣೆ ಮಾಡಿದಳು. ಅಂಕಲ್ ಹೇಳುವವರಲ್ಲ. ನಾನೂ ಹೇಳಿಲ್ಲ, ಅಥವಾ ಹೇಳಿಲ್ಲವೆಂದು ನನ್ನ ನೆನಪು. ಹಾಗಾದರೆ ಅಪ್ಪನಿಗೆ ಗೊತ್ತಾದದ್ದು ಯಾವಾಗ? ಮೊದಲ ದಿನವೇ, ಆ ಎರಡನೆಯ ಮಡಿಕೆ ಬಿದ್ದಾಗಲೇ? ಮಂಡಿಯಲ್ಲಿ ಮೂವತ್ತು ವರ್ಷ ಜನರ ಕೈಗಳನ್ನೇ ನೋಡಿಕೊಂಡು ವ್ಯಾಪಾರ ಮಾಡಿದವರು ಅವರು. ಅಥವಾ ಗೊತ್ತೇ ಇಲ್ಲವೋ, ಎದುರು ಮನೆಯ ಸ್ನೇಹಿತನಿಗೆ ಒಂದು ತುಂಡು ಸಿಹಿ ತಿನ್ನಿಸಿದ್ದಷ್ಟೇಯೋ?

ಮರುದಿನ ಬೆಳಿಗ್ಗೆ ಅಪ್ಪ ಪೇಪರ್ ಓದುತ್ತಿದ್ದಾಗ, ಆ ಮೈಸೂರು ಪಾಕು ಯಾತಕ್ಕೆಂದು ಕೇಳಿದೆ. ಅವರು ಪೇಪರ್ ಮಡಿಸಿಟ್ಟರು. ನಾಲ್ಕಾಗಿ ಮಡಿಸಿದರು ಎಂದು ಬರೆಯಲು ಕೈ ತುರಿಸುತ್ತಿದೆ, ಆದರೆ ನಿಜವಾಗಿ ನಾನು ಗಮನಿಸಲಿಲ್ಲ. "ಆ ಅಂಗಡಿಯವನು ಈಚೆಗೆ ತುಪ್ಪ ಕಮ್ಮಿ ಮಾಡಿದಾನೆ ಕಣಮ್ಮ" ಎಂದಷ್ಟೇ ಹೇಳಿ ಗಾಡಿಯ ಕೀ ತೆಗೆದುಕೊಂಡರು. ಗೇಟಿನ ಹತ್ತಿರ ನಿಂತು, ಎದುರು ಮನೆಯ ಖಾಲಿ ಬೆತ್ತದ ಕುರ್ಚಿಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕಿಕ್ ಹೊಡೆದರು. ಆ ಸದ್ದಿನ ಮೇಲೆ, ಅವರಿಗೆ ಕೇಳಿಸಲೇಬೇಕೆಂದು ದನಿ ಎತ್ತರಿಸಿ, ನಾನು ಇನ್ನೊಮ್ಮೆ ಕೇಳಿದೆ:

"ಅಪ್ಪಾ, ಆ ಮೈಸೂರು ಪಾಕು ಪತ್ರ ಬರೆದುಕೊಟ್ಟಿದ್ದಕ್ಕಾ, ಕಳಿಸದೇ ಇದ್ದದ್ದಕ್ಕಾ?"